ಕೂ ಹಾಕದ ಗುಡ್ಡೆ

ಆ ಹಗ್ಗ ತಂದದ್ದು ನನ್ನ ಗಂಡನ ಅಣ್ಣ. ಸುಳ್ಯ ಪೇಟೆಯಿಂದ ಬರುವಾಗ ಕಂಕುಳಲ್ಲಿ ಇಟ್ಟುಕೊಂಡು ಬಂದು ಜಗಲಿಯ ಮೇಲೆ ಹಾಕಿದರು. ಹೊಸ ನಾರಿನ ಹಗ್ಗ, ಇನ್ನೂ ಮುಳ್ಳುಮುಳ್ಳಾಗಿತ್ತು. ನಮ್ಮ ದನ ಕರು ಹಾಕಿ ಸ್ವಲ್ಪ ಸಮಯ ಆಗಿತ್ತು. ಕರುವಿಗೆ ಎಂದುಕೊಂಡೆ.

“ಒಳ್ಳೆಯದಾಯ್ತು ಭಾವ, ಕರು ಬದನೆ ಗಿಡ ಎಲ್ಲ ತಿಂದು ಹಾಕ್ತಾ ಉಂಟು” ಎಂದೆ.

“ಕರುವಿಗಲ್ಲ ಮಾರಾಯ್ತಿ” ಎಂದು ಅಂಗಳದ ಕಡೆ ಗಲ್ಲ ಎತ್ತಿ ತೋರಿಸಿದರು. ಅಂಗಳದಲ್ಲಿ ನನ್ನ ಮಗಳು ನಿಂತಿದ್ದಳು. ತೆಂಗಿನ ಒಲಿಮಡಲಿನ ಒಂದು ಎಸಳನ್ನು ಕಣ್ಣಿನ ಹತ್ತಿರ ಹಿಡಿದು ಆಡಿಸುತ್ತಿದ್ದಳು. ಅವಳಿಗೆ ಆಗ ಆರು ವರ್ಷ ಇರಬೇಕು. ಎಪ್ಪತ್ತರ ದಶಕ. ಗೇಣಿಗೆ ಮಾಡುತ್ತಿದ್ದ ಜಾಗ ನಮ್ಮದೇ ಆಗುತ್ತದೆ ಎಂದು ನಮ್ಮ ಆಲೆಟ್ಟಿಯ ಕಡೆ ಎಲ್ಲರೂ ಕಾಗದಪತ್ರ ಹಿಡಿದು ಓಡಾಡುತ್ತಿದ್ದ ಕಾಲ.

ಈಗ ಅದಕ್ಕೆ ಆಟಿಸಂ ಎನ್ನುತ್ತಾರೆ. ಆಗ ಆ ಶಬ್ದ ನಮ್ಮ ಊರಿಗೆ ಬಂದಿರಲಿಲ್ಲ. ಪುತ್ತೂರಿನ ಡಾಕ್ಟರರು ಕಿವಿಯೊಳಗೆ ಟಾರ್ಚ್ ಹಾಕಿ ನೋಡಿ, ಕಿವಿ ಸರಿ ಇದೆ, ಬುದ್ಧಿ ಬೆಳೆದಿಲ್ಲ ಎಂದರು. ಮಂತ್ರವಾದಿ ನೂಲು ಕಟ್ಟಿದ. ದೈವಕ್ಕೆ ಹೇಳಿಕೊಂಡೆವು. ಹುಡುಗಿ ಹಾಗೆಯೇ ಇದ್ದಳು. ಮಾತಿಲ್ಲ. ಹೆಸರು ಕರೆದರೆ ತಿರುಗುವುದಿಲ್ಲ. ಬಿಳಿ ಪಿಂಗಾಣಿ ಬಟ್ಟಲಲ್ಲಿ ಹಾಕಿದ ಗಂಜಿ ಮಾತ್ರ ಉಣ್ಣುವಳು, ಬೇರೆ ಬಟ್ಟಲಲ್ಲಿ ಹಾಕಿದರೆ ಹಸಿದೇ ಕುಳಿತುಕೊಳ್ಳುವಳು. ಬಾಗಿಲು ತೆರೆದಿದ್ದರೆ ಹೊರಟು ಹೋಗುವಳು. ನೀರು ಎಲ್ಲಿದೆಯೋ ಅಲ್ಲಿಗೆ. ಬಾವಿ, ಕೆರೆ, ತೋಡು, ಪಯಸ್ವಿನಿ ಹೊಳೆ, ಅವಳಿಗೆ ಎಲ್ಲ ಒಂದೇ. ಆ ವರ್ಷ ಅದಾಗಲೇ ಕೆಲವು ಸಲ ಕಳೆದುಹೋಗಿ ಸಿಕ್ಕಿದ್ದಳು. ಕೊನೆಯ ಸಲ ಭಾವನೇ ಹೊಳೆಯ ದಡದಿಂದ ಎತ್ತಿಕೊಂಡು ಬಂದಿದ್ದರು. ಸೊಂಟದವರೆಗೆ ನೀರಿನಲ್ಲಿದ್ದಳಂತೆ.

“ಇನ್ನು ಮಳೆ ಶುರುವಾದರೆ ಹೊಳೆ ತುಂಬಿ ಹೋಗ್ತದೆ. ನಿನ್ನ ಗಂಡ ಲಾರಿಯಲ್ಲಿ. ನೀನು ಬೀಡಿಯ ಎದುರು. ನೋಡುದು ಯಾರು?” ಎಂದರು ಭಾವ. “ಕಂಬಕ್ಕೆ ಉದ್ದ ಬಿಟ್ಟು ಕಟ್ಟಿದರೆ ಜಗಲಿಯಲ್ಲಿ ಆಡಿಕೊಂಡು ಇರ್ತಾಳೆ. ಸಾಯುದಿಲ್ಲ ಅಲ್ವಾ?”

ಭಾವ ಕೆಟ್ಟ ಜನ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರಿಗೆ ಆ ಹುಡುಗಿಯನ್ನು ಕಂಡರೆ ಹೆದರಿಕೆ ಇರಲಿಲ್ಲ, ಅವಳು ಸಾಯುತ್ತಾಳೆ ಎಂಬ ಹೆದರಿಕೆ ಇತ್ತು.

ಆದರೆ ನಾನು ಹಗ್ಗ ನೋಡಿದವಳು. ನನ್ನ ತವರು ಕಡಬದ ಕಡೆ. ನಾನು ಚಿಕ್ಕವಳಿದ್ದಾಗ ನೆರೆಮನೆಗೆ ಮಜ್ಜಿಗೆ ತರಲು ಹೋಗುತ್ತಿದ್ದೆ. ಅವರ ಹಟ್ಟಿಯಲ್ಲಿ ದನಗಳ ಪಕ್ಕದ ಕಂಬಕ್ಕೆ ಒಬ್ಬ ಗಂಡಸನ್ನು ಕಟ್ಟಿ ಹಾಕಿದ್ದರು. ಅವನಿಗೂ ಮಾತಿರಲಿಲ್ಲ, ಕುಳಿತಲ್ಲೇ ಹಿಂದೆ ಮುಂದೆ ತೂಗುತ್ತಿದ್ದ. ಅವನ ಕಾಲಿನ ಗಂಟಿನ ಸುತ್ತ ಚರ್ಮ ಎತ್ತಿನ ಹೆಗಲಿನ ಹಾಗೆ ದಪ್ಪವಾಗಿತ್ತು. ಮನೆಯವರು ಹೊತ್ತಿಗೆ ಸರಿಯಾಗಿ ಊಟ ಕೊಡುತ್ತಿದ್ದರು, ಹಬ್ಬಕ್ಕೆ ಹೊಸ ಬಟ್ಟೆ ಉಡಿಸುತ್ತಿದ್ದರು. ಹಗ್ಗ ಮಾತ್ರ ಬಿಚ್ಚಲಿಲ್ಲ. ಅವನು ಸತ್ತ ಮೇಲೆ ಬಿಚ್ಚಿದರು.

“ಕಟ್ಟುದಿಲ್ಲ” ಎಂದೆ.

“ಹಾಗಾದರೆ ಎಂತ ಮಾಡ್ತಿ?”

“ಅದು ಗೊತ್ತಿಲ್ಲ. ಕಟ್ಟುದಿಲ್ಲ.”

ಭಾವ ಹಗ್ಗವನ್ನು ಸುತ್ತಿ ಜಗಲಿಯ ಗೂಟಕ್ಕೆ ಸಿಕ್ಕಿಸಿದರು. “ಇಲ್ಲೇ ಇರಲಿ. ಇನ್ನೊಂದು ಸಲ ಕಳೆದುಹೋದರೆ ನಾನೇ ಕಟ್ಟುದು. ನಿನ್ನ ಹತ್ತಿರ ಕೇಳ್ಲಿಕ್ಕಿಲ್ಲ.” ನನ್ನ ಅತ್ತೆ ಒಳಗಿನಿಂದ ಇಣುಕಿ ಹಗ್ಗ ನೋಡಿ ಒಲೆಯ ಹತ್ತಿರ ಹೋದರು. ಮನೆಗೆ ಬಂದ ನನ್ನ ಗಂಡ ಅಣ್ಣ ಹೇಳಿದ್ದಕ್ಕೂ ತಲೆ ಆಡಿಸಿದರು, ನಾನು ಹೇಳಿದ್ದಕ್ಕೂ ತಲೆ ಆಡಿಸಿದರು, ಮರುದಿನ ಮರದ ಲೋಡಿನೊಂದಿಗೆ ಸಂಪಾಜೆ ಘಾಟಿ ಹತ್ತಿ ಹೋದರು. ಅವರಿಂದ ಅಷ್ಟೇ ಆಗುತ್ತಿದ್ದದ್ದು.

ನಾನು ಬೀಡಿ ಕಟ್ಟುವುದು ಬಿಡುವ ಹಾಗಿರಲಿಲ್ಲ, ಹುಡುಗಿಯ ಹಿಂದೆ ಇಡೀ ದಿನ ಓಡುವ ಹಾಗೂ ಇರಲಿಲ್ಲ. ಹಾಗಾಗಿ ನೀರಿಗೇ ಬೇಲಿ ಹಾಕುವುದು ಎಂದು ನಿಶ್ಚಯಿಸಿದೆ. ಆಗ ನಮ್ಮ ಕಡೆ ಬಾವಿಗಳಿಗೆ ಕಟ್ಟೆ ಇರಲಿಲ್ಲ. ನೆಲದ ಮಟ್ಟಕ್ಕೆ ಒಂದು ಬಾಯಿ, ಮೇಲೊಂದು ಅಡ್ಡ ಹಾಕಿದ ಅಡಿಕೆ ಮರದ ಪಾಲ, ಅದರ ಮೇಲೆ ನಿಂತು ನೀರು ಎಳೆಯುವುದು. ಮನೆಮನೆಗೆ ಹೋಗಿ ಕೇಳಿದೆ.

ಮೇಲಿನ ಮನೆಯ ಯಜಮಾನಿ ಎಲೆ ಅಡಿಕೆ ಮೆಲ್ಲುತ್ತಾ ನಕ್ಕಳು. “ಎಂತ? ನಿನ್ನ ಮಗಳು ಬೀಳ್ತಾಳೆ ಅಂತ ನಮ್ಮ ಬಾವಿಗೆ ಬೇಲಿಯಾ? ನಾಳೆ ಅವಳಿಗೆ ಬಿಸಿಲು ತಾಗ್ತದೆ ಅಂತ ಗುಡ್ಡೆಗೆ ಚಪ್ಪರ ಹಾಕ್ಲಿಕ್ಕೆ ಹೇಳ್ತೀಯಾ?”

“ಚಪ್ಪರ ಬೇಡ. ಬೇಲಿ ಸಾಕು” ಎಂದೆ.

“ನಮಗೆ ಆಳು ಇಲ್ಲ ಮಾರಾಯ್ತಿ.”

“ನಾನು ಇದ್ದೇನೆ.”

ಮರುದಿನ ಕತ್ತಿ ಹಿಡಿದು ಹೋದೆ. ನಮ್ಮ ಪಕ್ಕದ ಮುಸ್ಲಿಂ ಮನೆಯ ಬ್ಯಾರಿ ಹೆಂಗಸೂ ಬಂದಳು. ನನಗಿಂತ ಚಿಕ್ಕವಳು, ನನ್ನ ಹಾಗೆಯೇ ಬೀಡಿ ಕಟ್ಟುವವಳು, ನನ್ನನ್ನು ಅಕ್ಕ ಎನ್ನುತ್ತಿದ್ದಳು. ಇಬ್ಬರೂ ಬಿದಿರು ಕಡಿದು, ಗೂಟ ಹೊಡೆದು, ಯಜಮಾನಿಯ ಬಾವಿಗೆ ಯಜಮಾನಿಯ ಎದುರೇ ಬೇಲಿ ಕಟ್ಟಿದೆವು. ನೀರಿಗೆ ಬಂದ ಹೆಂಗಸರೆಲ್ಲ ಕೊಡ ಕೆಳಗಿಟ್ಟು ನೋಡಿದರು. ಮಧ್ಯಾಹ್ನದ ಹೊತ್ತಿಗೆ ಯಜಮಾನಿಗೆ ತಡೆಯಲಾಗಲಿಲ್ಲ. “ಊರವರು ನಮಗೆ ಎಂತ ಹೇಳಿಯಾರು! ನೀವು ಸರಿಯಿರಿ ಅತ್ಲಾಗೆ” ಎಂದು ಬೈದು ಮಗನನ್ನು ಕರೆದು ಉಳಿದ ಬೇಲಿ ಕಟ್ಟಿಸಿದಳು. ಆಮೇಲೆ ಬೇರೆ ಮನೆಗಳಲ್ಲಿ ನಾನು ಕತ್ತಿ ಹಿಡಿದು ಅಂಗಳಕ್ಕೆ ಕಾಲಿಟ್ಟರೆ ಸಾಕಿತ್ತು. “ಬೇಡ ಬೇಡ, ನಾವೇ ಹಾಕ್ತೇವೆ” ಎನ್ನುತ್ತಿದ್ದರು. ಒಂದೆರಡು ಮನೆಯವರು ಕೊನೆಗೂ ಹಾಕಲಿಲ್ಲ. ಅವರ ಬಾವಿ ಎಲ್ಲಿದೆ ಎಂದು ನೆನಪಿಟ್ಟುಕೊಂಡೆ.

ಹೊಳೆಗೆ ಬೇಲಿ ಹಾಕಲು ಆಗುವುದಿಲ್ಲ. ಗುಡ್ಡೆಯ ಆಚೆ ಕೆಂಪು ಕಲ್ಲು ಕಡಿದು ಬಿಟ್ಟ ಒಂದು ಕೋರೆ ಇತ್ತು, ಅದು ನಮ್ಮ ಯಾರ ತಲೆಗೂ ಬರಲಿಲ್ಲ.

ಮಳೆ ಶುರುವಾಗಿ ಹೊಳೆ ಕೆಂಪಾಗಿತ್ತು. ಆ ಬೆಳಿಗ್ಗೆ ಮಳೆ ಸ್ವಲ್ಪ ಬಿಟ್ಟಿತ್ತು. ನಾನು ಜಗಲಿಯಲ್ಲಿ ಬೀಡಿಯ ಎಲೆ ಕತ್ತರಿಸುತ್ತಿದ್ದೆ. ನೆನೆಸಿದ ಎಲೆಯ ಮೇಲೆ ಅಳತೆಯ ತಗಡು ಇಟ್ಟು ಸುತ್ತ ಕತ್ತರಿ ಆಡಿಸುವುದು. ಆ ಕೆಲಸಕ್ಕೆ ಕುಳಿತರೆ ಹುಡುಗಿ ಎಲ್ಲಿದ್ದರೂ ಬಂದು ನನ್ನ ಬೆನ್ನಿಗೆ ಬೆನ್ನು ತಾಗಿಸಿ ಕುಳಿತುಕೊಳ್ಳುವಳು. ಕತ್ತರಿಯ ಕಚಕ್ ಕಚಕ್ ಶಬ್ದ ಅವಳಿಗೆ ಬೇಕು. ಆ ದಿನವೂ ಕುಳಿತಿದ್ದಳು. ಎಲೆ ಮುಗಿಯಿತು. ಹಸಿ ಎಲೆಯ ಗೋಣಿ ತರಲು ಒಳಗೆ ಹೋದೆ. ಅಲ್ಲಿ ಗೋಣಿಯ ಮೇಲೆ ಮಾಡಿನಿಂದ ಮಳೆನೀರು ಸೋರುತ್ತಿತ್ತು. ಅದನ್ನು ಸರಿಸಿ ಬರುವಷ್ಟರಲ್ಲಿ ಜಗಲಿ ಖಾಲಿ.

ಕೂ ಹಾಕಿದೆ.

ಕೂ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ನಮ್ಮ ಕಡೆ ಮನೆಗಳು ಒತ್ತೊತ್ತಾಗಿಲ್ಲ. ಒಂದು ಈ ಗುಡ್ಡೆಯಲ್ಲಿ, ಒಂದು ತೋಡಿನ ಆಚೆ. ಆಗ ಫೋನು ಎಲ್ಲಿತ್ತು? ಅಂಗಳದ ಕೊನೆಗೆ ಬಂದು ಬಾಯಿಗೆ ಕೈ ಅಡ್ಡ ಹಿಡಿದು ಉದ್ದಕ್ಕೆ ಕೂ ಎಂದು ಕೂಗುವುದು. ಕೇಳಿದವರು ತಿರುಗಿ ಕೂ ಹಾಕಲೇಬೇಕು. ಹಾಕದಿದ್ದರೆ ಅಹಂಕಾರ ಎಂದು ಲೆಕ್ಕ. ನೆಂಟರು ಬಂದರೆ, ಹಂದಿ ಗದ್ದೆಗೆ ಇಳಿದರೆ, ಯಾರಾದರೂ ಸತ್ತರೆ, ಎಲ್ಲದಕ್ಕೂ ಕೂ. ಕಳೆದುಹೋದವರನ್ನು ಹುಡುಕುವಾಗಲಂತೂ ಹುಡುಕುವವರೆಲ್ಲ ಕೂ ಹಾಕುತ್ತಲೇ ಹೋಗುವುದು. ಮಾತು ಬಲ್ಲ ಮಗು ಆ ಶಬ್ದ ಹಿಡಿದು ಮನೆಗೆ ಬರುತ್ತದೆ.

ನನ್ನ ಕೂ ಮುಗಿಯುವ ಮೊದಲೇ ಭಾವನ ಮನೆಯಿಂದ ಉತ್ತರ ಬಂತು. ಆಮೇಲೆ ತೋಡಿನ ಆಚೆಯಿಂದ, ಮೇಲಿನ ಮನೆಯಿಂದ, ಗೇರು ಗುಡ್ಡೆಯಿಂದ. ಸ್ವಲ್ಪ ಹೊತ್ತಿನಲ್ಲಿ ಇಡೀ ಬಯಲು ಕೂ ಕೂ ಎನ್ನುತ್ತಿತ್ತು. ಭಾವ ಓಡಿಬಂದು ಜಗಲಿಯ ಗೂಟ ನೋಡಿದರು, ನನ್ನನ್ನು ನೋಡಿದರು. ಮೊದಲು ಹುಡುಗಿ ಸಿಗಲಿ ಎಂದು ಗಂಡಸರನ್ನು ಹೊಳೆಯ ಕಡೆ ಕಳಿಸಿದರು. ನಾನು ಗುಡ್ಡೆಯ ಕಡೆ ಓಡಿದೆ. ನನ್ನ ಗಂಟಲು ದೊಡ್ಡದು. ಅಷ್ಟೂ ಗಂಟಲು ಬಿಟ್ಟು ಕೂಗಿದೆ.

ಗುಡ್ಡೆಯ ಅರ್ಧಕ್ಕೆ ಬ್ಯಾರಿ ಹೆಂಗಸು ಎದುರಿನಿಂದ ಓಡಿಬಂದಳು. ಹುಡುಗಿಯನ್ನು ಅವಳು ಕಂಡಿದ್ದಳು. ಅವರ ಬೇಲಿಯ ಹತ್ತಿರ ನೀರು ನಿಂತ ಗುಂಡಿಯಲ್ಲಿ ಕೈ ಆಡಿಸುತ್ತಾ ಕುಳಿತಿದ್ದಳಂತೆ.

“ಮತ್ತೆ ಹಿಡಿಯಲಿಲ್ಲವಾ ನೀನು?” ಎಂದು ನಾನು ಅರಚಿದೆ.

“ಹಿಡಿಯುವಷ್ಟರಲ್ಲಿ ನೀವು ಕೂ ಹಾಕಿದ್ರಿ ಅಕ್ಕ. ಅವಳು ಕಿವಿ ಮುಚ್ಚಿಕೊಂಡು ಓಡಿದಳು. ಗುಡ್ಡೆಯಿಂದ ಕೂ ಬಂತು, ಈ ಕಡೆ ತಿರುಗಿದಳು. ಹೊಳೆ ಕಡೆಯಿಂದ ಬಂತು, ಮೇಲೆ ಓಡಿದಳು. ನಾವು ಅವಳನ್ನು ಬೇಟೆಯಲ್ಲಿ ಹಂದಿ ಎಬ್ಬಿಸಿದ ಹಾಗೆ ಎಬ್ಬಿಸುದು ಅಕ್ಕ. ಹುಡುಕುದಲ್ಲ.”

ನಾನು ಬಾಯಿಯಿಂದ ಕೈ ತೆಗೆದೆ. ಕೂ ಕೇಳಿದರೆ ಆ ಹುಡುಗಿ ಕಿವಿ ಮುಚ್ಚಿಕೊಂಡು ಮಂಚದ ಅಡಿಗೆ ಹೋಗುವುದನ್ನು ನಾವು ಮನೆಯಲ್ಲಿ ದಿನಾ ಕಂಡಿದ್ದೆವು. ಹುಡುಕಲು ಹೊರಟಾಗ ಒಬ್ಬರಿಗೂ ನೆನಪಾಗಲಿಲ್ಲ. ಕಳೆದುಹೋದವರಿಗೆ ಕೂ ಹಾಕಬೇಕು, ಹಾಕಿದೆವು. ಎಲ್ಲಿಂದ ಕೂ ಬರುವುದಿಲ್ಲವೋ ಆ ಕಡೆಗೆ ಅವಳು ಓಡಿದ್ದಾಳೆ. ಮೂರು ದಿಕ್ಕಿನಿಂದ ನಾವು ಅಟ್ಟುತ್ತಿದ್ದೇವೆ. ಜನ ಇಲ್ಲದ ಕಡೆ ಒಂದೇ ಉಳಿದಿತ್ತು. ಕೋರೆ.

ಕೂ ನಿಲ್ಲಿಸಬೇಕು. ಆದರೆ ಇಡೀ ಬಯಲಿಗೆ ಸುಮ್ಮನಿರಿ ಎಂದು ಹೇಳುವುದು ಹೇಗೆ? ಅದಕ್ಕೂ ಕೂಗಬೇಕು! ಬ್ಯಾರಿ ಹೆಂಗಸು ಸೆರಗು ಬಿಗಿದು ತೋಡಿನ ಕಡೆ ಓಡಿದಳು. ನಾನು ಭಾವನನ್ನು ಹುಡುಕಿ ಓಡಿದೆ. ಅವರು ಹೊಳೆಯ ಕಡೆಯಿಂದ ಹತ್ತಿ ಬರುತ್ತಾ ಇನ್ನೊಂದು ಕೂ ಹಾಕಲು ಎದೆ ತುಂಬಿಕೊಳ್ಳುತ್ತಿದ್ದರು.

“ಕೂ ಹಾಕಬೇಡಿ ಭಾವ. ಅವಳು ಅದಕ್ಕೇ ಓಡುದು.”

“ಎಂತ ಮಾತಾಡ್ತಿ? ಕೂ ಹಾಕದೆ ಹುಡುಕುದಾ? ಕೋಳಿ ಕಳ್ಳರ ಹಾಗೆ?” ಎಂದು ಮತ್ತೆ ಕೈ ಬಾಯಿಗೆ ತಂದರು.

ನಾನು ಆ ಕೈ ಹಿಡಿದು ಕೆಳಗೆಳೆದೆ. ಗಂಡನ ಅಣ್ಣನ ಎದುರು ಕುರ್ಚಿಯಲ್ಲಿ ಕುಳಿತುಕೊಳ್ಳದ ಮನೆ ನಮ್ಮದು. “ಬಾಯಿ ಮುಚ್ಚಿ” ಎಂದೆ. “ನಿಮ್ಮ ಹಗ್ಗ ಅಲ್ಲೇ ಉಂಟು. ಹುಡುಗಿ ಸತ್ತರೆ ನನ್ನನ್ನು ಕಟ್ಟಿ. ಈಗ ಬಾಯಿ ಮುಚ್ಚಿ.”

ಅವರ ಮುಖ ಕೆಂಪಾಯಿತು. ಆದರೆ ಕೂ ಹಾಕಲಿಲ್ಲ. ಹಿಂದೆ ಬರುತ್ತಿದ್ದವರಿಗೆ ಕೈ ಅಡ್ಡ ಹಿಡಿದು ನಿಲ್ಲಿಸಿದರು. ಒಬ್ಬೊಬ್ಬರಾಗಿ ಕೂ ನಿಂತಿತು. ತೋಡಿನ ಆಚೆಯ ಮುದುಕ ಒಬ್ಬ ಮಾತ್ರ ಬಹಳ ಹೊತ್ತು ಹಾಕುತ್ತಿದ್ದ, ಅವನಿಗೆ ಕಿವಿ ಮಂದ. ಕೊನೆಗೆ ಅದೂ ನಿಂತಿತು. ಮರದ ಎಲೆಯಿಂದ ನೀರು ಬೀಳುವುದು ಮಾತ್ರ ಕೇಳುತ್ತಿತ್ತು.

ಮನೆಗೆ ಹೋಗಿ ಕತ್ತರಿ, ತಗಡು, ಒಂದು ಹಿಡಿ ಎಲೆ ತೆಗೆದುಕೊಂಡು ಸೆರಗಿನಲ್ಲಿ ಕಟ್ಟಿದೆ. ನನ್ನ ಅತ್ತೆ ಬಾಗಿಲಲ್ಲಿ ನಿಂತಿದ್ದರು. “ಹುಡುಗಿ ಹೋಗಿರುವಾಗ ಬೀಡಿಯಾ ನಿನಗೆ?” ಎಂದರು. ನಾನು ಅವರನ್ನು ದಾಟಿ ಕೋರೆಯ ಕಡೆ ಓಡಿದೆ.

ಕೋರೆ ಎಂದರೆ ಕಲ್ಲು ಕಡಿದ ದೊಡ್ಡ ಗುಂಡಿ. ಒಂದು ಕಡೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ, ಅಡಿಯಲ್ಲಿ ಮಳೆಯ ನೀರು. ನೀರಿಗೆ ತಾಗಿದ ಮೆಟ್ಟಿಲಿನ ಮೇಲೆ ಅವಳು ಮುದುಡಿ ಕುಳಿತಿದ್ದಳು. ಕಿವಿಯಿಂದ ಕೈ ತೆಗೆದಿರಲಿಲ್ಲ. ಕಾಲಿನ ಬೆರಳು ನೀರಿನಲ್ಲಿತ್ತು. ಇಳಿದು ಹಿಡಿಯಲು ಹೋದರೆ ಹಾರುತ್ತಾಳೆ. ನನಗೆ ಈಜು ಬಾರದು. ಭಾವನಿಗೆ ಬರುತ್ತಿತ್ತು, ಆದರೆ ಆ ನೀರಿನಲ್ಲಿ ಅಡಿಯ ಕಲ್ಲು ಎಲ್ಲಿದೆ ಎಂದು ಯಾರಿಗೆ ಗೊತ್ತು?

ನಾನು ಮೇಲೆಯೇ, ಅವಳಿಗೆ ಬೆನ್ನು ಹಾಕಿ ಕುಳಿತೆ. ಮಡಿಲಲ್ಲಿ ಎಲೆ ಇಟ್ಟು ಕತ್ತರಿಸಲು ಶುರು ಮಾಡಿದೆ. ಎಲೆ ಎಲ್ಲ ಓರೆಯಾಯಿತು. ಅಂಥ ಎಲೆಯಲ್ಲಿ ಕಟ್ಟಿದ ಬೀಡಿಯನ್ನು ನಮಗೆ ಎಲೆ ಕೊಡುವ ಬ್ರಾಂಚಿಗೆ ತೆಗೆದುಕೊಂಡು ಹೋದರೆ ಮುಖಕ್ಕೆ ಎಸೆಯುತ್ತಿದ್ದರು. ಕತ್ತರಿಸುತ್ತಲೇ ಹೋದೆ. ತಿರುಗಿ ನೋಡಲಿಲ್ಲ. ನನ್ನ ಎದುರು ಗೇರು ಮರಗಳ ಅಡಿಯಲ್ಲಿ ಜನ ಒಬ್ಬೊಬ್ಬರಾಗಿ ಬಂದು ನಿಂತರು. ಮೇಲಿನ ಮನೆಯ ಯಜಮಾನಿ, ಅವಳ ಮಗ, ಬ್ಯಾರಿ ಹೆಂಗಸು, ತೋಡಿನ ಆಚೆಯವರು, ಭಾವ. ಒಬ್ಬ ಕೆಮ್ಮು ಬಂದು ಬಾಯಿಗೆ ಹೆಗಲ ಮೇಲಿನ ಬೈರಾಸು ತುರುಕಿಕೊಂಡ. ಅಷ್ಟು ಜನ ಅಷ್ಟು ಸುಮ್ಮನೆ ನಿಂತದ್ದನ್ನು ನಾನು ಮೊದಲು ನೋಡಿರಲಿಲ್ಲ. ಹುಡುಗಿ ನನಗೆ ಕಾಣುತ್ತಿರಲಿಲ್ಲ, ಅವರಿಗೆ ಕಾಣುತ್ತಿತ್ತು. ನಾನು ಅವರ ಮುಖ ನೋಡುತ್ತಾ ಕತ್ತರಿ ಆಡಿಸಿದೆ.

ಯಜಮಾನಿ ಕಣ್ಣು ಮುಚ್ಚಿಕೊಂಡಳು. ನಾನು ಕತ್ತರಿ ನಿಲ್ಲಿಸಲಿಲ್ಲ. ಆಮೇಲೆ ಭಾವ ಕೈಯನ್ನು ಮೆಲ್ಲ ಮೇಲಕ್ಕೆತ್ತಿ ತೋರಿಸಿದರು. ಹತ್ತುತ್ತಿದ್ದಾಳೆ ಎಂದು ಅರ್ಥ. ಕೊನೆಯ ಎಲೆ ಮುಗಿಯಿತು. ಕತ್ತರಿಸಿ ಬಿದ್ದ ತುಂಡುಗಳನ್ನೇ ಮತ್ತೆ ಕತ್ತರಿಸಿದೆ. ಒದ್ದೆಯಾದ ಒಂದು ಬೆನ್ನು ಬಂದು ನನ್ನ ಬೆನ್ನಿಗೆ ತಾಗಿತು.

ಆಗಲೂ ಎದ್ದು ಹಿಡಿಯಲಿಲ್ಲ. ಅವಳ ಉಸಿರು ಸರಿಯಾಗುವವರೆಗೆ ಕತ್ತರಿಸಿದೆ.

ಮನೆಗೆ ಬಂದ ಮೇಲೆ ಭಾವ ಗೂಟದಿಂದ ಹಗ್ಗ ತೆಗೆದರು. ನಾನು ಹುಡುಗಿಯ ಎದುರು ಹೋಗಿ ನಿಂತೆ.

“ಕಣ್ಣು ಬಿಡಬೇಡ ಮಾರಾಯ್ತಿ” ಎಂದರು. “ಕೋರೆಗೆ ಬಿದಿರು ಅಡ್ಡ ಹಾಕ್ಲಿಕ್ಕುಂಟು. ಹಗ್ಗ ಇಲ್ಲದೆ ಎಂತದರಲ್ಲಿ ಕಟ್ಟುದು, ನಿನ್ನ ಬೀಡಿಯ ನೂಲಿನಲ್ಲಾ?”

ಆ ಹಗ್ಗ ಸಾಲಲಿಲ್ಲ. ಇನ್ನೂ ನಾಲ್ಕು ಮನೆಯ ಹಗ್ಗ ಬೇಕಾಯಿತು. ಮರು ಮಳೆಗೆ ಎಲ್ಲ ಕೊಳೆತು ಕುಂಬಾಗಿ ಹೋಯಿತು. ಪ್ರತಿ ವರ್ಷ ಮಳೆಯ ಮೊದಲು ಹೊಸತು ಕಟ್ಟುತ್ತಿದ್ದರು.

ಆದರೆ ಬೇಲಿ ಒಂದರಿಂದಲೇ ಆಗುವುದಿಲ್ಲ. ಅವಳಿಗೆ ನಡೆಯಲೇಬೇಕು. ಹಾಗಾಗಿ ನಾನು ಬೀಡಿಯ ಹೆಂಗಸರನ್ನು ಹಿಡಿದೆ. ಎಲ್ಲರೂ ಅಡಿಗೆ ಕೋಣೆಯ ಹತ್ತಿರ ಕುಳಿತು, ಮಡಿಲಲ್ಲಿ ಮೊರದಂಥ ತಡ್ಪೆ ಇಟ್ಟು ಬೀಡಿ ಕಟ್ಟುತ್ತಿದ್ದರು. “ತಡ್ಪೆ ತೆಗೆದುಕೊಂಡು ಜಗಲಿಗೆ ಬನ್ನಿ, ದಾರಿಗೆ ಮುಖ ಮಾಡಿ ಕುಳಿತುಕೊಳ್ಳಿ” ಎಂದೆ. “ಅವಳು ಹೋಗುದು ಕಂಡರೆ ಕರೆಯಬೇಡಿ, ಕೈ ಹಿಡಿಯಬೇಡಿ. ಕತ್ತರಿ ತೆಗೆದುಕೊಂಡು ಹಿಂದೆ ನಡೆಯಿರಿ. ಮುಂದಿನ ಮನೆಯವಳು ನೋಡಿದರೆ ನೀವು ಮನೆಗೆ ತಿರುಗಿ ಬನ್ನಿ.”

“ನಮ್ಮ ಬೀಡಿ ಯಾರು ಕಟ್ಟುದು ಅಷ್ಟು ಹೊತ್ತು?” ಎಂದು ಒಬ್ಬಳು ಕೇಳಿದಳು.

“ನಾನು ಕಟ್ಟಿ ಕೊಡ್ತೇನೆ.”

ಕಟ್ಟಿಕೊಟ್ಟೆ ಕೂಡ. ಅವಳು ಮೊದಮೊದಲು ತೆಗೆದುಕೊಂಡಳು, ಆಮೇಲೆ ನಾಚಿಕೆಯಾಗಿ ಬಿಟ್ಟಳು. ಜಗಲಿಯಿಂದ ಜಗಲಿಗೆ ನನ್ನ ಮಗಳನ್ನು ಹೀಗೆ ದಾಟಿಸಿದರು. ದಿನಾ ಒಂದೇ ದಾರಿ. ಮೇಲಿನ ಮನೆ, ಗೇರು ಗುಡ್ಡೆ, ತೋಡಿನ ಪಾಲ, ಬ್ಯಾರಿಗಳ ಮನೆ, ಕೊನೆಗೆ ನಮ್ಮ ಮನೆ. ಯಜಮಾನಿ ಬೀಡಿ ಕಟ್ಟುವವಳಲ್ಲ, ಆದರೂ ಅಡಿಕೆ ಹೆರೆಯುವ ನೆವದಲ್ಲಿ ಜಗಲಿಗೆ ಬಂದಳು. “ನಿನ್ನ ಮಗಳು ಇವತ್ತು ತಡ. ಆಫೀಸಿಗೆ ರಜೆಯಾ?” ಎಂದು ತಮಾಷೆ ಮಾಡುವಳು. ಮಾಡಲಿ. ಕಾಯುತ್ತಿದ್ದಳು, ಅದು ಮುಖ್ಯ.

ಎಲ್ಲರೂ ಒಳ್ಳೆಯವರಾದರು ಎಂದು ಬರೆದರೆ ಸುಳ್ಳಾಗುತ್ತದೆ. ಅವಳು ಬರುವಾಗ ಗರ್ಭಿಣಿ ಸೊಸೆಯನ್ನು ಒಳಗೆ ಕಳಿಸುವ ಮನೆ ಒಂದಿತ್ತು. ಮದುವೆಗೆ ನಮ್ಮನ್ನು ಕರೆದು, “ಹುಡುಗಿಯನ್ನು ಮಾತ್ರ…” ಎಂದು ಅರ್ಧಕ್ಕೆ ನಿಲ್ಲಿಸುವವರು ಇದ್ದರು. ಅಂಥ ಮದುವೆಗೆ ನಾನು ಹೋಗಲಿಲ್ಲ. ಹುಡುಗಿಗೂ ಮಾತು ಬರಲಿಲ್ಲ. ಎಲೆ ಕತ್ತರಿಸಲು ಕಲಿತಳು, ಆದರೆ ಅಳತೆ ಇಲ್ಲ, ಕತ್ತರಿಸುವುದಷ್ಟೇ ಅವಳಿಗೆ ಖುಷಿ. ಬ್ರಾಂಚಿನವರು ಕೊಟ್ಟ ಎಲೆ ಹಾಳಾಗುತ್ತದೆ ಎಂದು ಅವಳಿಗೆ ಬಾಳೆ ಎಲೆ ಕೊಟ್ಟೆ.

ಎಂಬತ್ತರ ದಶಕದಲ್ಲಿ ಒಂದು ಬೆಳಿಗ್ಗೆ ನನ್ನ ಅತ್ತೆ ತೀರಿಕೊಂಡರು. ಹುಡುಗಿ ಆಗ ದೊಡ್ಡವಳಾಗಿದ್ದಳು. ಸಾವಿನ ಸುದ್ದಿಗೆ ಮೊದಲ ಕೂ ಹಾಕುವುದು ಮನೆಯ ಹಿರಿಯ ಮಗ. ಅದನ್ನು ತಪ್ಪಿಸಿದವರಿಲ್ಲ. ಭಾವ ಕಣ್ಣೊರೆಸಿಕೊಂಡು ಅಂಗಳದ ಕೊನೆಗೆ ಹೋದರು, ಬಾಯಿಗೆ ಕೈ ಅಡ್ಡ ಹಿಡಿದರು. ನಾನು ತಡೆಯಲು ಹೋಗಲಿಲ್ಲ. ಅವರ ತಾಯಿ ಸತ್ತದ್ದು, ತಡೆಯುವ ಹಕ್ಕು ನನಗಿಲ್ಲ ಎಂದುಕೊಂಡೆ. ಹುಡುಗಿ ಜಗಲಿಯ ಕಂಬಕ್ಕೆ ಒರಗಿ ಕುಳಿತು ಬಾಳೆ ಎಲೆ ಕತ್ತರಿಸುತ್ತಿದ್ದಳು. ಭಾವ ಅವಳನ್ನು ನೋಡಿದರು. ಕೈ ಕೆಳಗಿಳಿಸಿದರು. ಮೂಲೆಯಲ್ಲಿದ್ದ ಕೊಡೆ ತೆಗೆದುಕೊಂಡು ಮನೆಮನೆಗೆ ಹೇಳಲು ನಡೆದು ಹೋದರು. ಆಗಲೇ ಅವರಿಗೆ ಮಂಡಿ ನೋವು. ಗುಡ್ಡೆ ಹತ್ತುವಾಗ ಎರಡು ಕಡೆ ನಿಂತದ್ದು ನನಗೆ ಅಂಗಳದಿಂದ ಕಾಣುತ್ತಿತ್ತು.

ತೋಡಿನ ಆಚೆಯವರು ಬರುವಾಗ ಮಧ್ಯಾಹ್ನ ಆಯಿತು. “ಸಾವಿಗೂ ಒಂದು ಕೂ ಇಲ್ಲವಾ ನಿಮ್ಮ ಮನೆಯಲ್ಲಿ? ಇದೆಂತ ಕ್ರಮ ಮಾರಾಯ್ರೆ?” ಎಂದು ಅಂಗಳದಲ್ಲೇ ಬೈದರು.

“ನಮ್ಮಲ್ಲಿ ಹೀಗೆಯೇ” ಎಂದರು ಭಾವ. ಕೊಡೆ ಮಡಚಿ ಆ ಹಳೆಯ ಗೂಟಕ್ಕೆ ಸಿಕ್ಕಿಸಿದರು.